ಬಿಗಿ ತಿಳಿಯದ ಕೈ

ಕರ್ಜಗಿಯಿಂದ ಹಾವೇರಿಗೆ ಬೈಕಿನ ಮೇಲೆ ಬರುವಾಗ ಮೈಲಾರಪ್ಪನ ಬಲಗೈ ಮತ್ತೆ ಜೋಮು ಹಿಡಿಯಿತು. ಗಾಡಿ ನಿಲ್ಲಿಸಿ ಕೈ ಕೊಡವಿಕೊಂಡ. ಮೊದಮೊದಲು ಕೊಡವಿದರೆ ಹೋಗುತ್ತಿತ್ತು. ಈಗ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಇದ್ದೂ ಇಲ್ಲದ ಹಾಗೆ. ನಳ ರಿಪೇರಿ ಮಾಡುವವನಿಗೆ ಹೋಗಿ ಹೋಗಿ ಇವೇ ಬೆರಳು ಕೈಕೊಡಬೇಕೆ?

ಹಾವೇರಿಯಲ್ಲಿ ಅವನಿಗೆ ಎಂದೂ ಕೆಲಸದ ಕೊರತೆ ಆದದ್ದಿಲ್ಲ. ಹೊಳೆಯ ನೀರು ಊರಿಗೆ ದಿನಾ ಬರುವುದಿಲ್ಲ. ಬಂದ ದಿನ ಟಾಕಿ, ಕೊಡ, ಬಕೀಟು, ಕಡೆಗೆ ಚರಿಗೆಯನ್ನೂ ತುಂಬಿಟ್ಟುಕೊಂಡು, ಮತ್ತೆ ನೀರು ಬಿಡುವ ತನಕ ಅದರಲ್ಲೇ ಬಾಳಬೇಕು. ಅಂಥ ನೀರು ತೊಟ್ಟಿಕ್ಕುತ್ತಿದ್ದರೆ ಯಾರ ಜೀವ ತಡೆದೀತು? ಮನೆಮಂದಿಯೆಲ್ಲ ಸರದಿಯ ಮೇಲೆ ಬಂದು ನಳವನ್ನು ಬಿಗಿಯಾಗಿ ತಿರುವುತ್ತಾರೆ. ಒಳಗಿನ ರಬ್ಬರಿನ ವಾಸರ್ ಆ ಬಿಗಿಗೆ ಕತ್ತರಿಸಿಹೋಗುತ್ತದೆ, ನೀರು ಇನ್ನಷ್ಟು ಸೋರುತ್ತದೆ, ಅವರು ಇನ್ನಷ್ಟು ತಿರುವುತ್ತಾರೆ. ಮನೆಯ ಯಜಮಾನ ಎರಡೂ ಕೈ ಹಚ್ಚಿ ಹಿಡಿಕೆಯನ್ನೇ ಕಿತ್ತುಕೊಂಡು ನಿಂತಾಗ ಮೈಲಾರಪ್ಪನಿಗೆ ಫೋನು ಹೋಗುತ್ತದೆ.

ಸೋರುವುದಕ್ಕೆ ಬೇರೆ ಕಾರಣಗಳೂ ಇವೆ. ಬೋರಿನ ನೀರಾದರೆ ವಾಸರ್ ಕೂರುವ ಜಾಗದಲ್ಲಿ ಉಪ್ಪು ಗಟ್ಟಿ, ಹೊಸ ವಾಸರ್ ಹಾಕಿದರೂ ಸಂದು ಉಳಿಯುತ್ತದೆ. ಅದನ್ನು ಕೆರೆದು ತೆಗೆಯಬೇಕು. ಹಿಡಿಕೆಯ ಬುಡದಲ್ಲಿ ಜಿನುಗಿದರೆ ಅಲ್ಲಿ ಸುತ್ತಿದ ದಾರ ಸವೆದಿರುತ್ತದೆ. ಆದರೆ ಹತ್ತರಲ್ಲಿ ಎಂಟು ಮನೆಯ ರೋಗ ಬಿಗಿಯೇ. "ನೀರು ನಿಂತ ಮ್ಯಾಲ ಕೈ ಬಿಡ್ರಿ, ನಳ ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಮನೆ ಮನೆಯಲ್ಲಿ ಹೇಳಿ ಹೇಳಿ ಅವನ ಬಾಯಿಯೂ ದಣಿದಿತ್ತು.

ಹಾಗೆ ಹೇಳುವವನ ಕೈಯೇ ಈಗ ಎಲ್ಲಿ ನಿಲ್ಲಬೇಕೆಂದು ಹೇಳುವುದನ್ನು ಬಿಟ್ಟಿತ್ತು. ಮೊದಲು ಗೊತ್ತಾದದ್ದು ಹೆಂಡತಿ ಭರಮವ್ವನಿಗೆ. ಊಟಕ್ಕೆ ಕೂತವನು ಹಂಚಿನ ಮೇಲಿನ ರೊಟ್ಟಿ ತೆಗೆದುಕೊಳ್ಳಲು ಹೋಗಿ ಬೆರಳನ್ನು ಹಂಚಿಗೇ ಊರಿದ್ದ. "ಬೆರಳು ಸುಡಾಕತ್ತೈತಿ, ಗೊತ್ತಾಗವಲ್ದೇನ್ರಿ?" ಎಂದು ಅವಳೇ ಕೈ ಎಳೆದಳು. ಅವಳ ಕಾಟಕ್ಕೆ ರಾಣೇಬೆನ್ನೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ. ಮಣಿಕಟ್ಟಿನಲ್ಲಿ ನರ ಒತ್ತಿದೆ, ಆಪರೇಶನ್ ಮಾಡಬೇಕು, ಅಲ್ಲಿಯವರೆಗೆ ನಟ್ಟು ತಿರುವುವ ಪಾನಾ ಹಿಡಿಯಬೇಡ ಎಂದರು. ತಲೆ ಅಲ್ಲಾಡಿಸಿ ಬಂದವನು ಅಲ್ಲಿಂದ ಸೀದಾ ಹೋದದ್ದು ಬ್ಯಾಡಗಿಗೆ, ಮೆಣಸಿನಕಾಯಿ ವ್ಯಾಪಾರಿಯೊಬ್ಬನ ಮನೆಯ ಬಚ್ಚಲಿಗೆ ನಳ ಕೂರಿಸಲು. ಕೂರಿಸುವಾಗ ಹೊಚ್ಚ ಹೊಸ ನಳ ಕುತ್ತಿಗೆಯಲ್ಲೇ ಮುರಿಯಿತು. "ಈಗಿನ ಮಾಲೇ ಹಿಂಗ್ರಿ" ಎಂದ. ಅವರೂ ನಂಬಿದರು. ಅವನ ಮಾತು ನಂಬದೆ ಇರಲು ಯಾರಿಗೂ ಕಾರಣವಿರಲಿಲ್ಲ.

ಈಗ ಅವನು ಹೊರಟದ್ದು ಗೋದೂಬಾಯಿಯ ಮನೆಗೆ. ಎರಡು ತಿಂಗಳ ಹಿಂದೆ ಅಲ್ಲಿ ಅಡಿಗೆಮನೆಯ ನಳಕ್ಕೆ ಹೊಸ ವಾಸರ್ ಹಾಕಿದ್ದ. ಕೆಲವೇ ವಾರದಲ್ಲಿ ಮತ್ತೆ ಸೋರಿತು. ಆಗ ಬಂದು, ತೆಗೆದ ವಾಸರನ್ನು ಸರಿಯಾಗಿ ನೋಡದೆ ಚೀಲಕ್ಕೆ ಎಸೆದು, ಇನ್ನೊಂದು ಹಾಕಿ, ರೂಢಿಯ ಮಾತು ಆಡಿದ್ದ: "ಯಾರೋ ಭಾಳ ಬಿಗಿ ತಿರುವತಾರ್ರಿ ಬಾಯಾರ." ಗೋದೂಬಾಯಿ ಸೊಸೆಯ ಕಡೆಗೆ ಒಮ್ಮೆ ನೋಡಿದರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬ್ಯಾಂಕಿಗೆ ಓಡುವ ಸೊಸೆ ಶ್ರದ್ಧಾ, ಗಡಿಬಿಡಿಯ ಕೈಯವಳೆಂದು ಆ ಮನೆಯಲ್ಲಿ ಮೊದಲೇ ಹೆಸರಾಗಿದ್ದವಳು.

ಬಾಗಿಲಲ್ಲೇ ಗೋದೂಬಾಯಿ ಶುರು ಮಾಡಿದರು. "ಮತ್ತ ಸೋರ್ಲಿಕ್ಕೆ ಹತ್ತೇದ ನೋಡು ಮೈಲಾರಪ್ಪ. ನಾಳೆ ನಾಡಿದ್ದು ನೀರು ಬಿಡ್ತಾರೋ ಇಲ್ಲೋ, ಟಾಕಿ ಆಗಲೇ ತಳಾ ಕಂಡದ."

ಅಂದು ರಜೆ ಇತ್ತು. ಶ್ರದ್ಧಾ ಹಿತ್ತಲಿನ ತೊಟ್ಟಿಯಿಂದ ಕೊಡ ತುಂಬಿಕೊಂಡು ಒಳಗೆ ಬರುತ್ತಿದ್ದಳು. ಅಡಿಗೆಮನೆಯಲ್ಲೇ ನಳ ಇರುವಾಗ ಹಿತ್ತಲಿನಿಂದ ಯಾಕೆ ಹೊರುತ್ತಾಳೆಂದು ಅವನಿಗೆ ತಿಳಿಯಲಿಲ್ಲ. "ಈ ನಳದಾಗಿನ ನೀರು ಹಿಡಿಯಂಗಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದ.

"ನೀವು ಹೋದ ಸಲ ಹೇಳಿ ಹೋದ್ರಲ್ರೀ, ಅವತ್ತಿನಿಂದ ನಾ ಇದನ್ನ ಮುಟ್ಟೂದೇ ಇಲ್ಲ" ಎಂದಳು. ಸಿಟ್ಟಿನ ದನಿಯಲ್ಲ, ಸಾಕಾದ ದನಿ. ಕೊಡ ಇಳಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಮುಟ್ಟಲಾರದೆ ಹ್ಯಾಂಗ ಸೋರ್ತದ ಅಂತ ನಾ ಕೇಳಿದ್ರ ನನ್ನ ಮ್ಯಾಲ ಸಿಟ್ಟು" ಎಂದು ಗೋದೂಬಾಯಿ ಗೋಡೆಗೆ ಹೇಳಿದಂತೆ ಹೇಳಿದರು.

ಮೈಲಾರಪ್ಪ ಟಾಕಿಯ ವಾಲ್ ಬಂದ್ ಮಾಡಿ, ಹಿಡಿಕೆಯ ಕೆಳಗಿನ ನಟ್ಟಿಗೆ ಪಾನಾ ಹಚ್ಚಿ ನಳ ಬಿಚ್ಚಿದ. ಈ ಸಲ ವಾಸರನ್ನು ಬೆಳಕಿಗೆ ಹಿಡಿದು ನೋಡಿದ. ಮನೆಯವರ ಬಿಗಿಗೆ ಕೆಟ್ಟ ವಾಸರಿನ ಅಂಚಿನಲ್ಲಿ ದುಂಡಗೆ ಕಚ್ಚಿದ ಗಾಯವಿರುತ್ತದೆ. ಇದರ ಅಂಚು ನುಣ್ಣಗೇ ಇತ್ತು. ಸೀಳು ಇದ್ದದ್ದು ನಟ್ಟನಡುವೆ, ವಾಸರನ್ನು ಹಿಡಿದಿಡುವ ಚಿಕ್ಕ ನಟ್ಟಿನ ಅಡಿಯಲ್ಲಿ. ಆ ನಟ್ಟು ನಳದ ಹೊಟ್ಟೆಯೊಳಗೆ ಇರುವಂಥದ್ದು. ಹೊರಗಿನಿಂದ ಎಷ್ಟೇ ತಿರುವಿದರೂ ಯಾರ ಕೈಯೂ ಅದಕ್ಕೆ ತಾಗುವುದಿಲ್ಲ. ಬಿಚ್ಚಿ ಕೂರಿಸಿದವನ ಕೈ ಮಾತ್ರ ತಾಗುತ್ತದೆ.

ಅವನು ಬಹಳ ಹೊತ್ತು ವಾಸರನ್ನೇ ನೋಡಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈಗಿನ ರಬ್ಬರೇ ಸರಿಯಿಲ್ಲ ಎಂದರೆ ಸಾಕು, ಬ್ಯಾಡಗಿಯವರ ಹಾಗೆ ಇವರೂ ನಂಬುತ್ತಾರೆ. ಆದರೆ ರಬ್ಬರಿನ ಮೇಲೆ ಎಷ್ಟು ಸಲ ಹಾಕುವುದು? ಇನ್ನೊಂದು ತಿಂಗಳಿಗೆ ಮತ್ತೆ ಸೋರುತ್ತದೆ, ಮತ್ತೆ ಈ ಹುಡುಗಿಯ ಸೊಂಟಕ್ಕೆ ಕೊಡ ಬರುತ್ತದೆ. ಹೇಳಿಬಿಟ್ಟರೆ ಕೈ ಕೆಟ್ಟಿರುವ ಸುದ್ದಿ ಊರಿಗೆಲ್ಲ ಹರಡುತ್ತದೆ, ಬೇರೆ ಕಸುಬು ಗೊತ್ತಿಲ್ಲ. ಅವನಿಗೆ ಇಂಥ ಲೆಕ್ಕ ಹಾಕಿ ಹಾಕಿ ಸುಸ್ತಾಗಿತ್ತು. ನಿಜ ಹೇಳಬೇಕೆಂದರೆ, ಅವನಿಂದ ಮಾತು ಹೊರಡಿಸಿದ್ದು ಧೈರ್ಯವಲ್ಲ, ಆ ಸುಸ್ತು.

"ಬಾಯಾರ, ಅಕ್ಕಾರದು ತಪ್ಪಿಲ್ರಿ. ಇದು ಒಳಗಿನ ನಟ್ಟಿನ ಬಿಗಿಗೆ ಹರದೈತಿ. ಬಿಗಿ ಮಾಡಿದಾವ ನಾನು. ನನ್ನ ಕೈಗೆ ಈಗ ಏನೂ ತಿಳಿಯಂಗಿಲ್ರಿ."

ಗೋದೂಬಾಯಿ ಕನ್ನಡಕ ಏರಿಸಿಕೊಂಡು ವಾಸರನ್ನು ನೋಡಿದರು, ಆಮೇಲೆ ಅವನ ಕೈ ನೋಡಿದರು. ತೋರುಬೆರಳಿನ ತುದಿಯಲ್ಲಿ ಹಂಚು ಸುಟ್ಟ ಕಲೆ ಇನ್ನೂ ಹೋಗಿರಲಿಲ್ಲ. "ಮತ್ತ ಹೋದ ಸಲ ಹಂಗ್ಯಾಕ ಹೇಳಿದಿ?" ಎಂದರು.

"ಹೇಳಿ ಹೇಳಿ ರೂಢಿ ಆಗಿತ್ರಿ" ಎಂದ. ಶ್ರದ್ಧಾಳ ಮುಖ ನೋಡಲು ನಾಚಿಕೆಯಾಗಿ ಚೀಲದಲ್ಲಿ ಹೊಸ ವಾಸರ್ ಹುಡುಕುವವನಂತೆ ಬಗ್ಗಿದ.

ಶ್ರದ್ಧಾ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಕುಳಿತಳು. "ಕೊಡ್ರಿಲ್ಲೆ ಆ ಪಾನಾ. ಎಷ್ಟು ತಿರುವಬೇಕು ಹೇಳ್ರಿ."

"ಮೊದಲ ಕೈಲೇ ತಿರುವ್ರಿ. ಕೈಗೆ ನಿಂತ ಮ್ಯಾಲ ಪಾನಾದಿಂದ ಒಂಚೂರು, ಅಷ್ಟ. ರಬ್ಬರು ಅಂಚಿಗೆ ಉಬ್ಬಿದ್ರ ಬಿಗಿ ಹೆಚ್ಚಾತಂತ ತಿಳೀರಿ."

ಅವಳು ಹೊಸ ವಾಸರ್ ಇಟ್ಟು ಒಳಗಿನ ಚಿಕ್ಕ ನಟ್ಟನ್ನು ತಿರುವಿದಳು. "ಸಾಕೇನ್ರಿ?" ಎಂದಳು. ಅವನು ಬೆರಳು ಹಚ್ಚಿ ನೋಡಿದ. ಬೆರಳು ಏನನ್ನೂ ಹೇಳಲಿಲ್ಲ. "ನಿಮ್ಮ ಕೈ ಏನಂತೈತಿ ಅದ ಖರೇ" ಎಂದ. ಅವಳೇ ನಳವನ್ನು ಮತ್ತೆ ಕೂರಿಸಿದಳು. ವಾಲ್ ತೆಗೆದು, ನಳ ಬಿಟ್ಟು, ಮೆಲ್ಲಗೆ ಬಂದ್ ಮಾಡಿದಳು. ಮೂವರೂ ನಳದ ಬಾಯನ್ನೇ ನೋಡುತ್ತ ನಿಂತರು. ಒಂದು ಹನಿ ತುದಿಯಲ್ಲಿ ತೂಗಿ ಬಿತ್ತು. ಎರಡನೆಯದು ಬರಲಿಲ್ಲ.

"ಶ್ರದ್ಧಾ, ನೀ ಕೂಡು ಸ್ವಲ್ಪ. ಚಹಾ ನಾ ಮಾಡ್ತೀನಿ" ಎಂದರು ಗೋದೂಬಾಯಿ. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬರುವುದಿಲ್ಲವೆಂದು ಶ್ರದ್ಧಾಳಿಗೆ ಗೊತ್ತಿತ್ತು. ಕೂತಳು. ಗೋದೂಬಾಯಿ ಪಾತ್ರೆಯನ್ನು ಅದೇ ನಳಕ್ಕೆ ಹಿಡಿದು ನೀರು ತುಂಬಿಕೊಂಡರು.

ಚಹಾ ಕುಡಿದು ಅವನು ಅಂಗಳಕ್ಕೆ ಬಂದಾಗ ಪಕ್ಕದ ಮನೆಯ ರೇಣುಕವ್ವ ಕಂಪೌಂಡಿನ ಆಚೆ ಅಕ್ಕಿ ಆರಿಸುತ್ತ ಕೂತಿದ್ದಳು. ಆ ಓಣಿಯಲ್ಲಿ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲ ಮನೆ ಮುಟ್ಟುತ್ತದೆ. "ಮೈಲಾರಪ್ಪಣ್ಣ, ಹಂಗ ನಮ್ಮ ಬಚ್ಚಲದ ನಳಾನೂ ನೋಡಿ ಹೋಗೋ. ಬ್ಯಾರೇದವರು ಯಾರೂ ನಿನ್ನಂಗ ಮಾಡಂಗಿಲ್ಲ."

ಗೋದೂಬಾಯಿ ಬಾಗಿಲಲ್ಲಿ ನಿಂತಿದ್ದರು. ಹೇಳುವುದು ಅವನಿಗೇ ಬಿಟ್ಟದ್ದು ಎನ್ನುವಂತೆ ಅವನನ್ನು ನೋಡಿದರು. ಮೈಲಾರಪ್ಪ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡ.

"ನನ್ನ ಕೈ ಕೆಟ್ಟೈತಿ ರೇಣುಕವ್ವ. ನಾ ಮುಟ್ಟಿದ್ರ ಇನ್ನಷ್ಟು ಸೋರ್ತೈತಿ. ಬಸ್ ಸ್ಟ್ಯಾಂಡ್ ಕಡೆ ಅಬ್ದುಲಗನಿ ಅಂತ ಅದಾನ, ನಳದ ಕೆಲಸಾ ಚಲೋ ಮಾಡ್ತಾನ. ಅವಂಗ ಫೋನ್ ಹಚ್ಚು. ಆಜೂಬಾಜೂದವರಿಗೂ ಹೇಳಿಬಿಡು."