ಮಿಲೋ ಹುದಾಕ್ ನೋಡದೇ ಹೋದ ಎಸೆತಗಳು

ಪಿಟ್ಸ್‌ಬರ್ಗ್ ಹತ್ತಿರದ ಹಾರ್ಲನ್ ಫೆರಿಯಲ್ಲಿ ಮಿಲೋ ಹುದಾಕ್‌ನನ್ನು ತಿಳಿಯದವರಿಲ್ಲ. ಅಗಲವಾದ ಅಂಗೈ, ತುಸು ಬಾಗಿದ ಬೆನ್ನು, ಕಡಿಮೆ ಮಾತು. ಪ್ರಾಯವನ್ನೆಲ್ಲ ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವ ಊರಿನ ಕುಲುಮೆಗಳ ಮುಂದೆ ಕಳೆದವನು. ಕುಲುಮೆಗಳು ಆರಿ ಎಷ್ಟೋ ಕಾಲವಾದರೂ ಬೆಳಗಾದರೆ ಕಿಟಕಿಯ ಹತ್ತಿರ ನಿಂತು ಮನಾಂಗಹೀಲಾ ನದಿಯ ಕಡೆ ನೋಡುತ್ತಿದ್ದ. ಆ ಹೊತ್ತಿಗೆ ನದಿ ಕಾಣುತ್ತಿರಲಿಲ್ಲ, ಮಂಜು ಕಾಣುತ್ತಿತ್ತು. ಅದರೊಳಗಿಂದ ಕಲ್ಲಿದ್ದಲಿನ ದೋಣಿಗಳನ್ನು ತಳ್ಳಿಕೊಂಡು ಹೋಗುವ ಹಡಗು ಉದ್ದಕ್ಕೆ ಕೂಗುತ್ತಿತ್ತು. ಆ ಕೂಗು ದೂರವಾಗುವವರೆಗೂ ಅವನು ಕಾಫಿ ಮುಟ್ಟುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಮಿಲೋ ಅಮೆರಿಕನ್ ಫುಟ್ಬಾಲ್ ತಂಡದ ಸೆಂಟರ್ ಆಗಿದ್ದ. ಬಗ್ಗಿ ಕೂತು, ಚೆಂಡನ್ನು ಕಾಲುಗಳ ನಡುವಿನಿಂದ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ನ ಕೈಗೆ ಕೊಟ್ಟು, ಆಮೇಲೆ ಎದುರು ತಂಡದವರನ್ನು ಮೈಯೊಡ್ಡಿ ತಡೆಯುವವನು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಲ್ಲಿಗೆ ಎಸೆದ, ಹೇಗೆ ಎಸೆದ, ಊರಿಗೆ ಊರೇ ನೋಡುತ್ತಿತ್ತು. ಮಿಲೋಗೆ ಮಾತ್ರ ಕಾಣುತ್ತಿದ್ದದ್ದು ಎದುರಾಳಿಯ ಎದೆ, ಕೆಸರು, ಆಕಾಶದ ಒಂದು ಚೂರು. ಆಮೇಲೆ ಜನರ ಗದ್ದಲ ಕೇಳುತ್ತಿತ್ತು. ಗದ್ದಲ ಎದ್ದರೆ ಎಸೆತ ಸರಿಹೋಯಿತು, ನಿಟ್ಟುಸಿರು ಬಂದರೆ ಇಲ್ಲ.

ಇದನ್ನು ಅವನು ದೊಡ್ಡ ವಿಷಯವೆಂದು ಎಂದೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು, ಬ್ರೇಡಿ ಎಂಬ ಹೆಸರಾಂತ ಕ್ವಾರ್ಟರ್‌ಬ್ಯಾಕ್ ನಿವೃತ್ತಿ ಅಂದವನು ಮನಸ್ಸು ಬದಲಿಸಿ ಮತ್ತೆ ಆಡುತ್ತೇನೆ ಅಂದ ಆ ವಸಂತದಲ್ಲಿ.

ಈಸ್ಟರಿಗೆ ಮುಂಚಿನ, ಮಾಂಸ ಮುಟ್ಟದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಹುರಿದು ಮಾರುತ್ತಾರೆ. ಮಿಲೋನ ಹೆಂಡತಿ ಡಲೋರಿಸ್ ಅಲ್ಲಿ ಪಿರೋಗಿ ಎಂಬ ಆಲೂಗಡ್ಡೆ ಕಡುಬು ಬೇಯಿಸುವ ಹೆಂಗಸರ ಯಜಮಾನಿ. ಮಿಲೋ ಮತ್ತು ಅವನ ಇಬ್ಬರು ಗೆಳೆಯರು ಮೂಲೆಯ ಮೇಜು ಹಿಡಿದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಒಬ್ಬ ಚೆಟ್ ವಿಟೋವ್ಸ್ಕಿ, ಮಿಲೋ ಜೊತೆಗೇ ಕುಲುಮೆಯಲ್ಲಿ ಇದ್ದವನು. ಇನ್ನೊಬ್ಬ ಆಲ್ಡೋ ಪಕಾನಿ, ಊರಿನ ಕ್ಷೌರಿಕ. ಇಬ್ಬರೂ ಶಾಲೆ ಮುಗಿಸಿದ ಮೇಲೆ ಈ ಊರಿಗೆ ಬಂದವರು. ಇಬ್ಬರಿಗೂ ಒಂದೇ ಜಗಳ: ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?

"ನೋಡಿದ್ಯಾ, ನಿನ್ನ ಬ್ರೇಡಿ ಮತ್ತೆ ಬಂದ. ಮನೇಲಿ ಕೂತಿರೋಕೆ ಆಗ್ಲಿಲ್ಲ ಪಾಪ," ಅಂದ ಚೆಟ್, ಮೀನಿಗೆ ನಿಂಬೆ ಹಿಂಡುತ್ತಾ.

"ನನ್ನ ಬ್ರೇಡಿ ಯಾಕೋ ಆಗ್ತಾನೆ?" ಅಂದ ಆಲ್ಡೋ. "ನಾನು ಮೊಂಟಾನಾ ಪಕ್ಷ. ಅವನು ನಾಲ್ಕು ಫೈನಲ್ ಆಡಿದ, ನಾಲ್ಕೂ ಗೆದ್ದ. ಒಂದೇ ಒಂದು ಸಲ ಎದುರಾಳಿ ಕೈಗೆ ಚೆಂಡು ಕೊಡ್ಲಿಲ್ಲ. ಇದೇ ನದೀ ನೀರು ಕುಡಿದು ಬೆಳೆದವನು."

"ನನ್ನ ಯುನೈಟಸ್ ಕುಡಿದಿದ್ದೇನು, ಸೀಮೆಎಣ್ಣೆನಾ? ಅವನೂ ಪಿಟ್ಸ್‌ಬರ್ಗಿನವನೇ. ಅವನ ಊರಿನ ತಂಡದವರೇ ಅವನು ಬೇಡ ಅಂತ ಕಳಿಸಿಬಿಟ್ರು. ಕಲ್ಲುಮಣ್ಣಿನ ಮೈದಾನದಲ್ಲಿ ಆಡಿಕೊಂಡಿದ್ದವನು ಬಾಲ್ಟಿಮೋರಿಗೆ ಹೋಗಿ ರಾಜ ಆದ. ಆಗ ಕ್ವಾರ್ಟರ್‌ಬ್ಯಾಕ್ ಮೂಗು ಮುರಿದ್ರೂ ಕೇಳೋರಿರಲಿಲ್ಲ. ಈಗ ಮುಟ್ಟಿದ್ರೆ ಸಾಕು, ಸೀಟಿ!"

ಡಲೋರಿಸ್ ಪಿರೋಗಿ ತಟ್ಟೆ ಇಟ್ಟು, "ಬ್ರೇಡೀನೇ ದೊಡ್ಡವನು ಕಣ್ರೋ. ಏಳು ಸಲ ಗೆದ್ದಿದ್ದಾನೆ, ನೋಡೋಕೂ ಚೆನ್ನಾಗಿದ್ದಾನೆ. ನಿಮ್ಮ ಮೂವರ ಮುಖ ನೋಡಿ ನೋಡಿ ನನಗೆ ಸಾಕಾಗಿದೆ," ಅಂದಳು.

ಚೆಟ್ ಮಿಲೋ ಕಡೆ ತಿರುಗಿದ. "ನೀನು ಒಂದು ದಿನವಾದ್ರೂ ಬಾಯಿ ಬಿಡೋ. ಇಷ್ಟು ವರ್ಷದಿಂದ ನಮ್ಮ ಜಗಳ ಕೇಳ್ಕೊಂಡು ಪುಕ್ಕಟೆ ಪಿರೋಗಿ ತಿಂತಿದ್ದೀಯ. ನಿನ್ನ ಲೆಕ್ಕದಲ್ಲಿ ದೊಡ್ಡವನು ಯಾರು?"

ಮಿಲೋ ಮುಳ್ಳುಚಮಚ ಕೆಳಗಿಟ್ಟ. ಅಡುಗೆಮನೆಯ ಹಬೆ ಮಾಡಿನ ಕೆಳಗೆ ಮೋಡದ ಹಾಗೆ ನಿಂತಿತ್ತು.

"ರೋಲಂಡ್ ಟಾಲಿವರ್. ನಮ್ಮ ರೋ," ಅಂದ.

ಆಲ್ಡೋ ನಕ್ಕುಬಿಟ್ಟ. "ಅದ್ಯಾವ ತಂಡದವನೋ?"

"ನಮ್ಮ ಹೈಸ್ಕೂಲು. ನಾನು ಚೆಂಡು ಕೊಡ್ತಿದ್ದೆ, ಅವನು ತಗೋತಿದ್ದ."

"ಲೋ, ನಾವು ಪ್ರಪಂಚದ ದೊಡ್ಡ ದೊಡ್ಡವರ ಮಾತಾಡ್ತಿದ್ರೆ ಇವನು ಹೈಸ್ಕೂಲ್ ಹುಡುಗನ್ನ ತರ್ತಾನಲ್ಲೋ!"

"ನೀವು ಹೇಳಿದವರನ್ನೆಲ್ಲ ಟೀವೀಲಿ ನೋಡಿದ್ದೀನಿ," ಅಂದ ಮಿಲೋ ನಿಧಾನಕ್ಕೆ. "ರೋನ ಕೈ ನನಗೆ ಗೊತ್ತಿತ್ತು. ಹಿಮ ಬೀಳ್ತಿದ್ರೂ ಬೆಚ್ಚಗಿರ್ತಿತ್ತು. ಚೆಂಡು ಕೇಳೋ ಮುಂಚೆ ಗಂಟಲಲ್ಲೇ ಏನೋ ಗುನುಗ್ತಿದ್ದ, ನನಗೆ ಮಾತ್ರ ಕೇಳ್ತಿತ್ತು. ಅದು ಕೇಳಿದ್ರೆ ಹೆದರಿಕೆ ಹೋಗ್ತಿತ್ತು. ಅವನ ಒಂದು ಎಸೆತಾನೂ ನಾನು ನೋಡಿಲ್ಲ. ಆದ್ರೂ ಅವನೇ."

ಆಗ ಮೀನು ಕಟ್ಟಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಗುಡ್ಡದ ಮೇಲಿನ ಬೀದಿಯ ಯೊಲಾಂಡಾ.

"ಮಿಸ್ಟರ್ ಹುದಾಕ್, ನೀವು ಹೇಳ್ತಿರೋದು ನಮ್ಮ ಚಿಕ್ಕಪ್ಪನ ವಿಷಯ. ಈ ಮೀನು ಅವರಿಗೇ ತಗೊಂಡು ಹೋಗ್ತಿದ್ದೀನಿ."

ಮಿಲೋ ಎದ್ದು ನಿಂತ. "ರೋ ಊರಲ್ಲಿದ್ದಾನಾ?"

"ಚಳಿಗಾಲದಲ್ಲಿ ಬಂದ್ರು. ಹಡಗಿನ ಕೆಲಸ ಬಿಟ್ಟು ಕೆಂಟಕೀಲಿ ಒಬ್ಬರೇ ಇದ್ರು. ಸಾಕು ಬನ್ನಿ ಅಂತ ನಾನೇ ಕರ್ಕೊಂಡು ಬಂದೆ. ಭಾನುವಾರ ಮನೆಗೆ ಬನ್ನಿ."

ಭಾನುವಾರ ಪ್ರಾರ್ಥನೆ ಮುಗಿಸಿ ಮಿಲೋ ಗುಡ್ಡ ಹತ್ತಿದ. ಡಲೋರಿಸ್ ಒಂದು ಡಬ್ಬಿ ಪಿರೋಗಿ ಕೊಟ್ಟಿದ್ದಳು. ಮಂಜು ಇನ್ನೂ ಚದುರಿರಲಿಲ್ಲ. ಮೆಟ್ಟಿಲು ಹತ್ತಿದಂತೆ ಊರು ಕೆಳಗೆ ಕರಗುತ್ತಾ ಹೋಗಿ, ಕೊನೆಗೆ ಚರ್ಚಿನ ಈರುಳ್ಳಿಯಾಕಾರದ ಗೋಪುರವೊಂದೇ ಬಿಳಿಯ ಮೇಲೆ ತೇಲುತ್ತಾ ಉಳಿಯಿತು. ತಾನು ಹತ್ತುತ್ತಿರುವುದು ಈಗಿನ ಬೀದಿಯೋ ಹುಡುಗನಾಗಿದ್ದಾಗಿನ ಬೀದಿಯೋ ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ.

ಮನೆಯ ಮುಂದಿನ ಜಗಲಿಯಲ್ಲಿ, ಕಂಬಳಿ ಹೊದ್ದು, ತೆಳ್ಳನೆಯ ಎತ್ತರದ ಮುದುಕನೊಬ್ಬ ಕೂತಿದ್ದ. ಮಿಲೋನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗುರುತು ಸಿಕ್ಕ ಹಾಗೆ ಕಾಣಲಿಲ್ಲ.

"ಸ್ವಲ್ಪ ತಿರುಗಿ ನಿಲ್ಲಿ," ಅಂದ.

ಮಿಲೋ ತಿರುಗಿ ನಿಂತ.

"ಅಯ್ಯೋ ದೇವರೇ, ಮಿಲೋ!" ರೋ ನಗತೊಡಗಿದ. "ಮುಖ ನೋಡಿದ್ರೆ ನನಗೆ ಹೇಗೋ ಗೊತ್ತಾಗಬೇಕು? ಮೂರು ವರ್ಷ ನಾನು ನೋಡಿದ್ದು ಇದೊಂದನ್ನೇ! ಒಂಚೂರು ಅಗಲ ಆಗಿದೆ ಅಷ್ಟೇ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಿರೋಗಿ ಬಿಸಿ ಮಾಡಿ ತಂದ ಯೊಲಾಂಡಾಳಿಗೆ ಏನಾಯಿತೆಂದು ಹೇಳಲೂ ಅವರಿಗೆ ಆಗಲಿಲ್ಲ.

ಆಮೇಲೆ ರೋ ತನ್ನ ಕಥೆ ಹೇಳಿದ. ಶಾಲೆ ಮುಗಿದಾಗ ಅವನನ್ನು ಒಂದು ವಿಶ್ವವಿದ್ಯಾಲಯ ಕರೆದಿತ್ತು. ಆದರೆ ಕಪ್ಪು ಹುಡುಗನ ಕೈಗೆ ತಂಡದ ಚೆಂಡು ಒಪ್ಪಿಸುವ ಮನಸ್ಸು ಆಗ ಹೆಚ್ಚಿನವರಿಗಿರಲಿಲ್ಲ. ನೀನು ಚೆನ್ನಾಗಿ ಓಡುತ್ತೀಯ, ಎದುರು ತಂಡದವರನ್ನು ಬೆನ್ನಟ್ಟಿ ತಡೆಯುವ ಜಾಗ ಕೊಡುತ್ತೇವೆ ಅಂದರು.

"ನಾನು ಎಸೆಯೋನು, ಅಟ್ಟಿಸ್ಕೊಂಡು ಹೋಗೋನಲ್ಲ ಅಂದೆ. ಅಮ್ಮ ಎರಡು ದಿನ ಅತ್ತಳು. ನಾನು ಹೋಗಿ ಹಡಗಿನಲ್ಲಿ ಹಗ್ಗ ಎಸೆಯೋ ಕೆಲಸಕ್ಕೆ ಸೇರಿದೆ."

"ಹಗ್ಗ?"

"ದೋಣಿ ಕಟ್ಟೋಕೆ. ಕಂಬಕ್ಕೆ ಗುರಿಯಿಟ್ಟು ಹಗ್ಗ ಬೀಸಬೇಕು. ಗುರಿ ತಪ್ಪಿದ್ರೆ ಬೈಗುಳ. ನನಗೆ ಬೈಗುಳ ಜಾಸ್ತಿ ಬೀಳ್ಲಿಲ್ಲ. ಆಮೇಲೆ ಹಡಗು ನಡೆಸೋನೇ ಆದೆ. ಈ ಊರಿನ ಮುಂದೆ ಎಷ್ಟು ಸಲ ಹೋಗಿದ್ದೀನೋ! ಕುಲುಮೆಗಳ ಬೆಂಕಿ ನೋಡಿದಾಗಲೆಲ್ಲ ಹಡಗನ್ನ ಒಂದು ಸಲ ಉದ್ದಕ್ಕೆ ಕೂಗಿಸ್ತಿದ್ದೆ."

ಬೆಂಕಿಯ ಮುಂದೆ ನಿಂತ ಅಷ್ಟೂ ವರ್ಷ ಆ ಕೂಗನ್ನು ಮಿಲೋ ಕೇಳಿದ್ದ. ಯಾರದೆಂದು ತಿಳಿಯದೆಯೇ ಅದಕ್ಕಾಗಿ ಕಾದಿದ್ದ.

ತಟ್ಟೆ ಪಕ್ಕಕ್ಕಿಟ್ಟು ಕೇಳಿದ: "ರೋ, ನನಗೆ ಒಂದು ಎಸೆದು ತೋರಿಸ್ತೀಯಾ? ಎದುರುಗಡೆ ನಿಂತು ನೋಡ್ತೀನಿ."

"ಭುಜ ಕಿತ್ತು ಬಂದ್ರೆ ನಿನ್ನ ಹೆಂಡತಿ ಹೊಲಿದು ಕೊಡ್ತಾಳಾ?" ಅಂದರೂ ರೋ ಆಗಲೇ ಕಂಬಳಿ ಸರಿಸಿ ಎದ್ದಿದ್ದ.

ಮನೆಯಲ್ಲಿ ಯೊಲಾಂಡಾಳ ಹಳೆಯ ಚೆಂಡೊಂದಿತ್ತು. ಪಕ್ಕದ ಖಾಲಿ ಜಾಗದಲ್ಲಿ ಹುಲ್ಲು ಒದ್ದೆಯಾಗಿತ್ತು. ಮಿಲೋ ನಡೆದು ನಡೆದು ಮಂಜಿನಲ್ಲಿ ರೋ ಬರಿಯ ನೆರಳಾಗುವಷ್ಟು ದೂರ ಹೋಗಿ ತಿರುಗಿ ನಿಂತ. ನೆರಳು ಒಂದು ಹೆಜ್ಜೆ ಹಿಂದೆ ಸರಿಯಿತು. ತೋಳು ಮೇಲೆದ್ದಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯೊಳಗಿಂದ ಚೆಂಡು ಹೊರಬಂತು, ತನ್ನ ಸುತ್ತಲೇ ಸದ್ದಿಲ್ಲದೆ ತಿರುಗುತ್ತಾ, ಯಾವ ಅವಸರವೂ ಇಲ್ಲದೆ, ಬಹಳ ಹಿಂದೆಯೇ ಹೊರಟು ಇನ್ನೂ ದಾರಿಯಲ್ಲೇ ಇದ್ದ ಹಾಗೆ. ಮಿಲೋ ಅದನ್ನು ಹಿಡಿಯಬೇಕೆಂಬುದನ್ನೇ ಮರೆತ. ಅದು ಬಂದು ಎದೆಗೆ ಬಡಿದು, ತೋಳುಗಳ ನಡುವೆ ಹೇಗೋ ಸಿಕ್ಕಿಕೊಂಡಿತು.

ಅವನು ಚೆಂಡು ತಬ್ಬಿಕೊಂಡೇ ವಾಪಸು ಬಂದ. "ಇದನ್ನೇ ಅಲ್ವಾ ಊರೆಲ್ಲ ನೋಡ್ತಿದ್ದದ್ದು?"

"ನನಗೇನು ಗೊತ್ತು?" ಅಂದ ರೋ, ಭುಜ ತಿಕ್ಕಿಕೊಳ್ಳುತ್ತಾ. "ಕೈಯಿಂದ ಚೆಂಡು ಬಿಟ್ಟ ತಕ್ಷಣ ಯಾರಾದ್ರೂ ಬಂದು ಬೀಳಿಸ್ತಿದ್ರು. ನಾನು ಮೊಣಕೈ ಊರಿ ಕೆಸರಲ್ಲಿ ಮಲಗಿರ್ತಿದ್ದೆ. ನಾನೂ ಜನರ ಗದ್ದಲ ಕೇಳಿಯೇ ತಿಳ್ಕೊಂಡಿದ್ದು ಕಣೋ."

ಇಬ್ಬರೂ ಜಗಲಿಯಲ್ಲಿ ಕೂತು ಮಂಜು ನದಿಗೆ ಇಳಿದು ಹೋಗುವುದನ್ನು ನೋಡುತ್ತಾ ಮಧ್ಯಾಹ್ನ ಕಳೆದರು.

ಮುಂದಿನ ಶುಕ್ರವಾರ ಮೂಲೆಯ ಮೇಜಿಗೆ ನಾಲ್ಕನೆಯ ಕುರ್ಚಿ ಬಂತು. ಚೆಟ್ ಎದ್ದು ರೋನ ಕೈಕುಲುಕಿ, "ಮಿಲೋ ನಿಮ್ಮನ್ನ ಯುನೈಟಸ್‌ಗಿಂತ ಮೇಲಿಟ್ಟಿದ್ದಾನೆ. ನೀವೇನಂತೀರಿ?" ಅಂದ.

"ಅವನಿಗೆ ಆಗಲೂ ತಲೆಗೆ ಏಟು ಜಾಸ್ತಿ ಬೀಳ್ತಿತ್ತು," ಅಂದ ರೋ. "ನನ್ನ ಕೇಳಿದ್ರೆ ವಾರನ್ ಮೂನ್."

"ಮೂನ್! ಒಂದು ಫೈನಲ್ಲಾದ್ರೂ ಆಡಿದ್ನಾ ಅವನು?" ಆಲ್ಡೋ ಮೇಜು ಗುದ್ದಿದ.

"ಇಲ್ಲ. ನನ್ನ ಹಾಗೇ ಕಪ್ಪು ಹುಡುಗ ಅಂತ ಇಲ್ಲಿಯವರು ಆರಿಸ್ಕೊಳ್ಳದೆ ಇದ್ದಾಗ ಕೆನಡಾಕ್ಕೆ ಹೋದ. ಜಾಗ ಬದಲಾಯಿಸು ಅಂದವರ ಮಾತು ಕೇಳ್ಲಿಲ್ಲ. ಅಲ್ಲಿ ಗೆದ್ದು ಗೆದ್ದು ಸಾಕಾಗಿ ಕ್ವಾರ್ಟರ್‌ಬ್ಯಾಕ್ ಆಗೇ ವಾಪಸು ಬಂದ. ಅವನ ಆಟ ಬರೋ ದಿನ ಹಡಗಲ್ಲಿ ರೇಡಿಯೋ ಇಟ್ಕೊಂಡು ಯಾರನ್ನೂ ಮಾತಾಡೋಕೆ ಬಿಡ್ತಿರಲಿಲ್ಲ ನಾನು."

ಆಲ್ಡೋ ಒಪ್ಪಲೇ ಇಲ್ಲ. ಗೆಲುವು ಮುಖ್ಯವೋ ಕೈ ಮುಖ್ಯವೋ ಎಂದು ಹೊಸದೊಂದು ಜಗಳ ಹುಟ್ಟಿ, ಹಳೆಯದಕ್ಕಿಂತ ಜೋರಾಯಿತು. ಅದು ಆ ವರ್ಷ ಮುಗಿಯಲಿಲ್ಲ. ಮರುವರ್ಷ ಆಲ್ಡೋ ತೀರಿಕೊಂಡ ಮೇಲೆ ಅವನ ಪಕ್ಷವನ್ನು ಚೆಟ್ ವಹಿಸಿಕೊಂಡು, ಮೊಂಟಾನಾನ ಪರವಾಗಿ ತನ್ನ ವಿರುದ್ಧ ತಾನೇ ವಾದಿಸಿದ. ಯಾರೂ ನಗಲಿಲ್ಲ.

ಮಿಲೋ ಮಾತ್ರ ಮೊದಲಿನಂತೆ ಸುಮ್ಮನೆ ಕೂತಿರುತ್ತಿದ್ದ. ಹಬೆ, ಹುರಿದ ಮೀನಿನ ವಾಸನೆ, ಪಕ್ಕದಲ್ಲಿ ರೋನ ದಪ್ಪ ದನಿ. ಅರ್ಧ ನಿದ್ದೆ, ಅರ್ಧ ಎಚ್ಚರ. ಡಲೋರಿಸ್ ನೆಲ ಒರೆಸುವ ಬಕೀಟು ತಂದು, "ಕಾಲೆತ್ತಿ, ರಾಜರುಗಳಾ," ಅಂದಾಗ ಎಲ್ಲರೂ ಕಾಲೆತ್ತಿದರು. ಮಾತು ನಿಲ್ಲಲಿಲ್ಲ.