ನಾನು ಹೇಳಿಕೊಟ್ಟ ಉತ್ತರ

ಮೊದಲು ಗೊತ್ತಾಗಿದ್ದು ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ತೆಗೆಸುತ್ತಿದ್ದ ದಿನ. ತವರಿಗೆ ಬಂದಿದ್ದ ತಂಗಿ ಗೌರಿ, ಆಳುಗಳಿಗೆ ಕಾಫಿ ಕೊಡಲು ಹೋದವಳು ಲೋಟಗಳನ್ನು ಹಾಗೇ ವಾಪಸು ತಂದಳು.

"ಅಕ್ಕಾ, ಎಲ್ರೂ ನನ್ ಮೇಲೆ ಕೋಪ ಮಾಡ್ಕೊಂಡವ್ರೆ."

ಯಾರೂ ತಲೆ ಎತ್ತಿ ನೋಡಿಯೂ ಇರಲಿಲ್ಲ.

ಆಮೇಲೆ ಊಟ ಬಿಟ್ಟಳು. ನಿದ್ದೆ ಬಿಟ್ಟಳು. ಎರಡು ವರ್ಷದ ಮಗಳು ನಕ್ಕರೂ ಹೆದರಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ದಬ್ಬೇಘಟ್ಟದಿಂದ ಅವಳ ಅತ್ತೆ ಬಂದು ಮಗುವನ್ನು ಎತ್ತಿಕೊಂಡು ಹೋದರು. "ವಾಸಿ ಆಗೈತೆ ಅಂತ ಡಾಕ್ಟ್ರು ಹೇಳ್ಲಿ, ಆಮೇಲೆ ಕಳಿಸ್ರವ್ವ."

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಿಪ್ರೆಶನ್ ಎಂದು ಮಾತ್ರೆ ಕೊಟ್ಟರು. ಅಲ್ಲಿ ಇವಳನ್ನು ನೋಡುತ್ತಾ ರಿಸರ್ಚನ್ನೂ ಮಾಡುತ್ತಿದ್ದ ಲೇಡಿ ಡಾಕ್ಟರು ಒಂದಷ್ಟು ಮುಖಗಳ ಫೋಟೋ ತೋರಿಸಿ, ಇವರಿಗೆ ಸಂತೋಷವೋ, ಕೋಪವೋ, ಸುಮ್ಮನೆ ಕೂತಿದ್ದಾರೋ ಎಂದು ಕೇಳಿದರು. ಗೌರಿ ಎಲ್ಲದಕ್ಕೂ ಕೋಪ ಎಂದಳು.

"ಹದಿನೈದು ದಿನ ಬಿಟ್ಟು ಇವನ್ನೇ ಮತ್ತೆ ಕೇಳ್ತೀವಿ," ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಮನಸ್ಸು ಯಾವ ಕಡೆ ವಾಲಿದೆ ಅಂತ ಅಳೆಯೋದು ಸುಲಭ ಅಲ್ಲಮ್ಮ. ಅಳತೆ ನಂಬೋ ಹಾಗಿರಬೇಕು ಅಂದ್ರೆ ಅವರಿಗೆ ಅನ್ನಿಸಿದ್ದನ್ನೇ ಹೇಳಬೇಕು. ನೀವೇನೂ ಹೇಳಿಕೊಡಬೇಡಿ."

ನಾನು ಹೇಳಿಕೊಟ್ಟೆ.

ಹೆಣ್ಣು ನೋಡಲು ಬಂದಾಗಲೂ ನಾನೇ ಹೇಳಿಕೊಟ್ಟಿದ್ದೆ. ಅಡುಗೆ ಬರುತ್ತಾ ಅಂದರೆ ತಲೆ ತಗ್ಗಿಸಿ ಹೂಂ ಅನ್ನು ಎಂದಿದ್ದೆ. ಆಗ ಅವಳಿಗೆ ಸಾರು ಮಾಡಲೂ ಬರುತ್ತಿರಲಿಲ್ಲ, ಆದರೂ ಮದುವೆ ನಡೆದುಹೋಯಿತು. ಈ ಸಲ ಬೆಂಗಳೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. "ಕನ್ನಡಕದೋನು ಸುಮ್ನೆ ಕೂತವ್ನೆ. ಎರಡು ಜಡೆಯೋಳಿಗೆ ಸಂತೋಷ. ನೀನು ಹೆಂಗಿದೀಯ ಅಂದ್ರೆ, ಆರಾಮಾಗಿದೀನಿ ಅನ್ನು." ಮಹಾ ಜಾಣೆ ನಾನು. ಮಗು ಸಿಕ್ಕಿಬಿಡುತ್ತದೆ ಎಂದುಕೊಂಡಿದ್ದೆ.

ಗೌರಿ ಒಂದನ್ನೂ ತಪ್ಪು ಹೇಳಲಿಲ್ಲ. ವಾಸಿ ಆಗುತ್ತಿದೆ ಎಂದು ಡಾಕ್ಟರು ಮಾತ್ರೆ ಕಡಿಮೆ ಮಾಡಿದರು. ಗಂಡನ ಮನೆಗೆ ಹೋದಳು.

ಮೂರೇ ವಾರ.

ಮತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಮಗು ಇರಲಿಲ್ಲ. ಇವಳನ್ನು ಇನ್ನು ಕಳಿಸಬೇಡಿ ಎಂದು ಅತ್ತೆ ಹೇಳಿಕಳಿಸಿದ್ದರು.

"ಹೆಂಗಿದೀಯೇ ಗೌರಿ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಏನಂತ ಹೇಳ್ಲಿ ಅಕ್ಕಾ?"

ಆಸ್ಪತ್ರೆಗೆ ಹೋಗಿ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಎರಡನೇ ಸಲದ ಹಾಳೆಯ ಮೇಲೆ ಉದ್ದಕ್ಕೆ ಗೀಟು ಎಳೆದು, ಮಾತ್ರೆಯನ್ನು ಮೊದಲಿನಷ್ಟೇ ಬರೆದರು.

ಈಗ ಆರು ತಿಂಗಳಾಯಿತು. ಗೌರಿ ಊಟ ಮಾಡುತ್ತಾಳೆ. ಮಗು ಇನ್ನೂ ಬಂದಿಲ್ಲ. ಬೆಳಿಗ್ಗೆ ಅವಳ ತಲೆ ಬಾಚುವಾಗ ದಿನಾ ಕೇಳುತ್ತೇನೆ, "ನನ್ ಮುಖ ಹೆಂಗೈತೆ ನೋಡೇ."

"ಕೋಪ ಐತೆ ಕಣಕ್ಕ," ಎನ್ನುತ್ತಾಳೆ. ಇಲ್ಲ ಕಣೇ ಎನ್ನಲು ಬಾಯಿಗೆ ಬರುತ್ತದೆ. ನುಂಗಿಕೊಳ್ಳುತ್ತೇನೆ.

ನೆನ್ನೆ ಬಹಳ ಹೊತ್ತು ನೋಡಿದಳು.

"ಕೋಪ ಅಲ್ಲ ಕಣಕ್ಕ. ನೀನು ಅತ್ತಿದೀಯ."

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.