ಕೆರೆಯುವ ಕೈ ಸುಮ್ಮನಾದದ್ದು

ಬ್ಯಾಡಗಿಯಲ್ಲಿ ಮೈ ಕೆರೆದುಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಮೆಣಸಿನಕಾಯಿ ಘಾಟು ಎನ್ನುತ್ತಾರೆ, ಮುಗಿಯಿತು. ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವ ನಾನೂ ಹಾಗೇ ಅಂದುಕೊಂಡಿದ್ದೆ. ಕಳೆದ ವರ್ಷ ಎರಡೂ ಮೊಣಕಾಲ ಕೆಳಗೆ ಕೆಂಪು ಮಚ್ಚೆ ಎದ್ದು ಬಿಳಿ ಹೊಟ್ಟು ಉದುರತೊಡಗಿದಾಗ ಹಾವೇರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು.

"ಇದು ಸೋರಿಯಾಸಿಸ್. ಒಬ್ರಿಂದ ಒಬ್ರಿಗೆ ಹತ್ತೂದಿಲ್ಲ. ಆದ್ರ ಪೂರ್ತಿ ಹೋಗೂದೂ ಇಲ್ಲವ್ವಾ" ಎಂದರು.

ಮುಲಾಮು, ಗುಳಿಗೆ ಎಲ್ಲಾ ಆಯಿತು. ಕೆಂಪು ಒಂದಿಷ್ಟು ಇಳಿಯಿತು, ತುರಿಕೆ ಇಳಿಯಲಿಲ್ಲ. ನೋವು ಎಂದರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ, ತುರಿಕೆ ಎಂದರೆ ದೂರ ಸರಿಯುತ್ತಾರೆ. ಕೊನೆಗೆ ನಾನು ಖಾರ ಹತ್ತಿದ ಕೈಯನ್ನು ಬೇಕಂತಲೇ ಕಾಲಿಗೆ ಒರೆಸಿಕೊಳ್ಳುತ್ತಿದ್ದೆ. ಉರಿಯುವಷ್ಟು ಹೊತ್ತು ತುರಿಕೆ ಗೊತ್ತಾಗುತ್ತಿರಲಿಲ್ಲ. ಆ ಉರಿಯೇ ನನಗೆ ಸುಖವಾಗಿತ್ತು.

ಅಷ್ಟರಲ್ಲಿ ಮೇಡ್ಲೇರಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ಕರೆದುಕೊಂಡು ಬರಲು ಹೋದೆ. ಬೀಗತಿ ನೇರ ಮಾತಿನವರು.

"ಸೋರಿಯಾಸಿಸ್ ಅಂದ್ರ ಮೈ ಸೋರೂ ಬ್ಯಾನಿ ಅಲ್ಲೇನ್ರಿ? ಕೂಸಿನ ಮ್ಯಾಲೆ ಸೋರಿದ್ರ?"

"ಸೋರೂದಿಲ್ರಿ, ಹತ್ತೂದೂ ಇಲ್ರಿ" ಎಂದೆ. ಹಾಗೆನ್ನುವಾಗಲೇ ನನ್ನ ಕೈ ಕಾಲನ್ನು ಕೆರೆಯುತ್ತಿತ್ತು, ಹೊಟ್ಟು ಅವರ ಚಾಪೆಯ ಮೇಲೆ ಉದುರುತ್ತಿತ್ತು. ನನ್ನ ಮಾತನ್ನು ಯಾರು ನಂಬಬೇಕು? ಮಗಳು ಬಾಗಿಲಲ್ಲಿ ನಿಂತು ಅತ್ತಳು. ಅಜ್ಜಿಯಾದವಳು ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿ ನೀರೆರೆಯಬೇಕು. ಆ ಕಾಲೇ ಹೀಗಾದರೆ ನಾನು ಯಾವ ಅಜ್ಜಿ? ಮಗಳಿಲ್ಲದೆ ಒಬ್ಬಳೇ ಹೊರಟು, ರಾಣೆಬೆನ್ನೂರಿನವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗೆ ಹಿಡಿದು ಕುಳಿತಿದ್ದೆ. ಸತ್ತರೆ ಸಾಕು ಎನಿಸಿತ್ತು.

ಆ ಶನಿವಾರ ಕದರಮಂಡಲಗಿಗೆ ಹೋಗಿ ಅಲ್ಲಿನ ಹನುಮಪ್ಪ ಕಾಂತೇಶನ ಮುಂದೆ ಜಗಳಕ್ಕೇ ನಿಂತೆ. "ಹನುಮಪ್ಪಾ, ನಿನ್ನ ಕುಲದವ್ರೂ ನನ್ನಷ್ಟು ಕೆರಕೊಳ್ಳೂದಿಲ್ಲ. ರೋಗ ತೆಗಿ ಅನ್ನೂದಿಲ್ಲ, ಈ ಕೈ ಒಂದು ಸುಮ್ಮನಾಗಲಿ." ಪ್ರಸಾದದ ಸಾಲಿನಲ್ಲಿ ಹಿಂದೆ ನಿಂತಿದ್ದ ನಿಪ್ಪಾಣಿ ಕಡೆಯ ಹೆಂಗಸೊಬ್ಬಳು ನನ್ನ ಕಾಲು ಕಂಡು ಸರಿಯುವ ಬದಲು ಬಗ್ಗಿ ನೋಡಿದಳು.

"ನಮ್ಮ ಮನೆಯವ್ರಿಗೂ ಇದಾ ಬ್ಯಾನಿ ಐತ್ರಿ. ಕೊಂಕಣದಾಗ ನೆಲದಾಗಿಂದ ಬಿಸಿನೀರು ಬರತೈತಿ. ಅಲ್ಲಿ ಮಿಂದ ಮ್ಯಾಲೆ ತುರಿಕಿ ಭಾಳ ಕಡಿಮಿ ಆತು."

ಡಾಕ್ಟರನ್ನು ಕೇಳಿದೆವು. "ರೋಗ ಹೋಗೂದಿಲ್ಲ. ಕೆಲವ್ರಿಗೆ ತುರಿಕಿ ತಗ್ಗತೈತಿ. ಭಾಳ ಸುಡೂ ನೀರಿಗೆ ಇಳೀಬ್ಯಾಡ್ರಿ, ಮುಲಾಮು ಬಿಡಬ್ಯಾಡ್ರಿ" ಎಂದರು. ನನಗೆ ನಂಬಿಕೆ ಇರಲಿಲ್ಲ, ಯಜಮಾನರ ಒತ್ತಾಯಕ್ಕೆ ಹೋದೆ. ಕೊಂಕಣದ ಆ ಬಿಸಿನೀರಿನ ಕುಂಡ ಗಂಧಕದ ವಾಸನೆ ಹೊಡೆಯುತ್ತಿತ್ತು. ಮೊದಲ ದಿನ ಏನೂ ಆಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟವಳನ್ನು ಯಜಮಾನರು ತಡೆದರು. ಧರ್ಮಶಾಲೆಯಲ್ಲಿ ಉಳಿದು ದಿನಾ ಮಿಂದೆ. ಒಂದು ಮುಂಜಾನೆ ಚಹಾ ಕುಡಿಯುವಾಗ ಅವರು, "ನಿನ್ನ ಎರಡೂ ಕೈ ಕಪ್ಪಿನ ಮ್ಯಾಲೇ ಅದಾವ ನೋಡ" ಎಂದರು. ನಾನು ಗಮನಿಸಿಯೇ ಇರಲಿಲ್ಲ.

ಮಚ್ಚೆ ಮಾತ್ರ ಹಾಗೇ ಉಳಿದವು. ಬೀಗರು ಮಗಳನ್ನು ಕಳಿಸಲೂ ಇಲ್ಲ. ಹೆರಿಗೆ ಅಲ್ಲೇ ಆಯಿತು. ಕೂಸು ನೋಡಲು ಹೋದರೆ ನನಗೆ ಬೇರೆ ಚಾಪೆ ಹಾಕಿದರು. ನನ್ನ ಹಣೆಬರಹ ಇಷ್ಟೇ ಎಂದು ಮೂಲೆಯಲ್ಲಿ ಕುಳಿತೆ. ಮೊಮ್ಮಗನನ್ನು ದೂರದಿಂದಲೇ ನೋಡಿದೆ.

ಮಧ್ಯಾಹ್ನ ಬೀಗತಿ ಬಂದು ಎದುರಿಗೆ ನಿಂತರು. "ಮುಂಜಾನಿಂದ ನೋಡಾಕತ್ತೇನಿ. ಒಮ್ಮಿನೂ ಕೆರಕೊಂಡಿಲ್ಲ ನೀವು." ಚಾಪೆಯನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಕೂಸಿಗೆ ಎಣ್ಣಿ ಹಚ್ಚೇನಿ, ನೀರು ಕಾದೈತಿ. ಬಚ್ಚಲಕ್ಕ ಬರ್ರಿ, ಕಾಲು ಚಾಚರಿ" ಎಂದರು.

ಈ ರೋಗ ನನ್ನ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ತುರಿಕೆ ನಾಳೆ ತಿರುಗಿ ಬಂದರೂ ಬಂದೀತು. ಆದರೆ ಭಕ್ತರೇ, ಕಾಂತೇಶ ಕೇಳಿಸಿಕೊಳ್ಳುತ್ತಾನೆ, ಅಷ್ಟು ನನಗೆ ಗೊತ್ತಾಯಿತು. ಆ ದಿನ ಮೊಮ್ಮಗ ನನ್ನ ಕಾಲ ಮೇಲೆ ಮಲಗಿ ಬಚ್ಚಲು ಹಾರಿಹೋಗುವಂತೆ ಚೀರಿದ, ಮಿಂದು ಅಲ್ಲೇ ನಿದ್ದೆ ಹೋದ. ಅವನನ್ನು ಎತ್ತಿಕೊಳ್ಳಲು ಯಾರೂ ಅವಸರ ಮಾಡಲಿಲ್ಲ.